ಬೆನ್ನ ಹಿಂದಿನ ಮೈದಾನ

ನಾಪೋಕ್ಲು, ಕೊಡಗು

ಪ್ರೀತಿಯ ಅಳಿಯನಿಗೆ ಮಾವನ ಆಶೀರ್ವಾದಗಳು.

ಫುಟ್‌ಬಾಲ್ ತಂಡದಲ್ಲಿ ನಿನ್ನನ್ನು ಹಿಂದಿನ ಸಾಲಿನಿಂದ ನಡು ಮೈದಾನಕ್ಕೆ, ಅಂದರೆ ಮಿಡ್‌ಫೀಲ್ಡ್‌ಗೆ ತಂದ ಕಥೆಯನ್ನೂ ಆಮೇಲಿನ ಗೆಲುವುಗಳನ್ನೂ ನಿನ್ನ ಅಮ್ಮ ಫೋನಿನಲ್ಲಿ ಹೇಳಿ ಮುಗಿಸಿದ್ದಾಳೆ, ಆದ್ದರಿಂದ ಅದನ್ನು ಮತ್ತೆ ಎತ್ತುವುದಿಲ್ಲ. ಆದರೆ ಪತ್ರದ ಕೊನೆಯಲ್ಲಿ, ಸಹಿಗೆ ಸ್ವಲ್ಪ ಮೇಲೆ, ನೀನು ಸಣ್ಣ ಅಕ್ಷರದಲ್ಲಿ ಬರೆದ ಮಾತು ಅವಳಿಗೆ ತಿಳಿದಂತಿಲ್ಲ. "ಎಲ್ಲರೂ ಹೊಗಳುತ್ತಿದ್ದಾರೆ ಮಾವ, ಆದರೆ ಚೆಂಡು ನನ್ನ ಕಾಲಿಗೆ ಬರುವಾಗಲೆಲ್ಲ ಬೆನ್ನ ಹಿಂದೆ ಯಾರೋ ಇದ್ದಾರೆ ಅನ್ನಿಸುತ್ತದೆ, ಚೆಂಡು ನನ್ನನ್ನು ದಾಟಿ ಹೋದರೆ ಹಿಂದೆ ಯಾರೂ ಇಲ್ಲ ಅನ್ನಿಸುತ್ತದೆ" ಎಂದಿದ್ದೀಯೆ. ಅದನ್ನು ಓದಿದ ಮೇಲೆ ತೋಟಕ್ಕೆ ಹೋದರೂ ನನಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ.

ಈ ಭಯವನ್ನು ನಾನು ಹುಚ್ಚು ಎನ್ನಲಾರೆ. ಸ್ಟಾಪರ್ ಆಗಿ, ಅಂದರೆ ಹಿಂದಿನ ಸಾಲಿನ ನಡುವೆ ಎದುರಾಳಿಯನ್ನು ತಡೆಯಲು ನಿಂತವನಿಗೆ ಆಟವೆಲ್ಲ ಕಣ್ಣ ಮುಂದೆಯೇ ಹರಡಿಕೊಂಡಿರುತ್ತದೆ. ಎದುರಾಳಿ ಎಲ್ಲಿಂದ ಹೊರಟ, ತನ್ನವರು ಎಲ್ಲಿ ತಪ್ಪಿದರು ಎಂಬುದು ಅವನಿಗೆ ಉಳಿದವರಿಗಿಂತ ಮೊದಲೇ ಕಾಣುತ್ತದೆ, ಅವನ ಹಿಂದೆ ಇರುವವನು ಗೋಲ್‌ಕೀಪರ್ ಒಬ್ಬನೇ. ಅಂಥವನನ್ನು ತಂದು ನಡು ಮೈದಾನದಲ್ಲಿ ನಿಲ್ಲಿಸಿದರೆ ಅರ್ಧ ಆಟ ಬೆನ್ನಿಗೆ ಹೋಗುತ್ತದೆ. ಚೆಂಡು ತನ್ನ ಗೋಲಿನ ಕಡೆಯಿಂದ ಬರುತ್ತದೆ, ಅದನ್ನು ಕಸಿಯುವವನು ಬೆನ್ನ ಕಡೆಯಿಂದ ಬರುತ್ತಾನೆ. ವರ್ಷಗಟ್ಟಲೆ ಮುಂದೆ ನೋಡಿ ಆಡಿದ ಕಣ್ಣಿಗೆ ಇದು ಒಂದು ಋತುವಿನಲ್ಲಿ ಒಗ್ಗುವುದಿಲ್ಲ. ಗೆಲುವು ಮೊದಲು ಬಂದಿದೆ, ಧೈರ್ಯ ಹಿಂದೆ ಉಳಿದಿದೆ. ನಿನ್ನನ್ನು ಕಾಡುತ್ತಿರುವುದು ಈ ಅಂತರವೇ ಇರಬೇಕು.

ಪಟ್ಟಣದ ಮಕ್ಕಳು ಹೇಳುವ ಹೆಸರುಗಳನ್ನು ನಾನೂ ಹೇಳಬಲ್ಲೆ. 2013ರಲ್ಲಿ ಕೋಚ್ ಪೆಪ್ ಗಾರ್ಡಿಯೋಲಾ ಜರ್ಮನಿಯ ಕ್ಲಬ್ ಬಯರ್ನ್ ಮ್ಯೂನಿಕ್‌ಗೆ ಬಂದಾಗ, ಹಿಂದಿನ ಸಾಲಿನ ಬ್ಯಾಕ್ ಆಗಿಯೇ ಜಗತ್ತಿಗೆ ಗೊತ್ತಿದ್ದ ಫಿಲಿಪ್ ಲಾಮ್ ಅವರನ್ನು ನಡುವಿಗೆ ತಂದರು. 2014ರ ವಿಶ್ವಕಪ್ಪಿನಲ್ಲಿ ಜರ್ಮನಿಯ ನಾಯಕರಾಗಿ ಅವರು ನಡುವಿನಲ್ಲೇ ಆಟ ಆರಂಭಿಸಿದರು, ಫ್ರಾನ್ಸ್ ವಿರುದ್ಧದ ಕ್ವಾರ್ಟರ್ ಫೈನಲ್‌ನಲ್ಲಿ ಬಲ ಬ್ಯಾಕ್ ಜಾಗಕ್ಕೆ ಮರಳಿದರು, ಕಪ್ಪನ್ನೂ ಎತ್ತಿದರು. ಇಷ್ಟು ಬರೆದ ಮೇಲೆ ಇದು ನಿನ್ನ ಪ್ರಶ್ನೆಗೆ ಉತ್ತರವಲ್ಲ ಎಂದು ಹೊಳೆಯಿತು. ಹಳೆಯ ಜಾಗ ಕಳೆದುಹೋಗುವುದಿಲ್ಲ ಎಂಬುದಕ್ಕೆ ಲಾಮ್ ಸಾಕ್ಷಿ, ಆದರೆ ನೀನು ಜಾಗದ ಮಾತು ಆಡಿರಲಿಲ್ಲ, ಬೆನ್ನಿನ ಮಾತು ಆಡಿದ್ದೆ.

ಬೆನ್ನಿನ ಮಾತಾದರೆ ನನಗೆ ನನ್ನದೇ ಕಾಲ ನೆನಪಾಗುತ್ತದೆ. ನಾನು ಫುಟ್‌ಬಾಲ್ ಆಡಿದವನಲ್ಲ, ಕೊಡಗಿನ ಹೆಚ್ಚಿನವರಂತೆ ಹಾಕಿ ಕೋಲು ಹಿಡಿದವನು. ಸೈನ್ಯದಲ್ಲಿದ್ದಾಗ ನಮ್ಮ ತಂಡದಲ್ಲಿ ನಡು ಸಾಲಿನಲ್ಲಿ ಆಡುವ ಹಾಫ್ ಒಬ್ಬ ಕಾಯಿಲೆ ಬಿದ್ದ, ಫುಲ್ ಬ್ಯಾಕ್ ಆಗಿದ್ದ ನನ್ನನ್ನು ಅವನ ಜಾಗಕ್ಕೆ ತಳ್ಳಿದರು. ಚೆನ್ನಾಗಿಯೇ ಆಡಿದೆ, ಆದರೆ ರಾತ್ರಿ ಬ್ಯಾರಕ್ಕಿನಲ್ಲಿ ಮಲಗಿದರೆ ಕಣ್ಣಿಗೆ ಬರುತ್ತಿದ್ದುದು ನಾನು ಬಿಟ್ಟುಬಂದ ಆ ಖಾಲಿ ಜಾಗ. ನನ್ನ ಬದಲಿಗೆ ಅಲ್ಲಿ ನಿಂತಿದ್ದ ವಯಸ್ಸಾದ ಹವಾಲ್ದಾರರೊಬ್ಬರಿಗೆ ಇದು ಹೇಗೆ ತಿಳಿಯಿತೋ ಕಾಣೆ. ನಾನು ಹೇಳಿಕೊಂಡಿರಲಿಲ್ಲ. ಒಂದು ಪಂದ್ಯದಲ್ಲಿ ಅವರು ಹಿಂದಿನಿಂದ ಗಟ್ಟಿಯಾಗಿ, "ನಾನಿದ್ದೇನೆ, ನೀನು ಹೋಗು" ಎಂದು ಹಿಂದಿಯಲ್ಲಿ ಕೂಗಿದರು, ಆಮೇಲೆ ಪ್ರತಿ ಸಲವೂ ಕೂಗತೊಡಗಿದರು. ಭಯ ಹೋಯಿತೆಂದು ಬರೆದರೆ ಸುಳ್ಳಾದೀತು, ಆದರೆ ಅದಕ್ಕೊಂದು ದನಿ ಬಂದ ಮೇಲೆ ಅದು ನನ್ನ ಕಾಲುಗಳನ್ನು ಕಟ್ಟುವುದನ್ನು ಬಿಟ್ಟಿತು. ಅಷ್ಟರಲ್ಲಿ ನನಗೆ ವರ್ಗವಾಯಿತು, ಹೊಸ ಜಾಗದಲ್ಲಿ ನನ್ನ ಎತ್ತರ ನೋಡಿ ಮತ್ತೆ ಬ್ಯಾಕ್ ಮಾಡಿದರು. ಹಾಫ್ ಆಗಿ ಇನ್ನೆಷ್ಟು ದೂರ ಹೋಗುತ್ತಿದ್ದೆನೋ ಎಂಬ ಕೊರಗು ಹಾಗೆಯೇ ಉಳಿದಿದೆ. ಆ ಹವಾಲ್ದಾರರನ್ನು ಮತ್ತೆ ನೋಡಲಾಗಲಿಲ್ಲ ಎಂಬುದು ಅದಕ್ಕಿಂತ ದೊಡ್ಡ ಕೊರಗು. ಕೊಡಗಿನ ಕರಡ ಗ್ರಾಮದಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ನಮ್ಮ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ಈಗಲೂ ಹೋಗುತ್ತೇನೆ, ಹೋದರೆ ಚೆಂಡನ್ನು ಬಿಟ್ಟು ಬ್ಯಾಕ್‌ಗಳ ಬಾಯನ್ನೇ ನೋಡುತ್ತೇನೆ. ಪಕ್ಕದಲ್ಲಿ ಕೂತವರಿಗೆ ಇದು ತಮಾಷೆ.

1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನ ಜರ್ನೈಲ್ ಸಿಂಗ್ ಅವರನ್ನು ನೀವು ಹುಡುಗರು ಮರೆತಿರಬಹುದು. ಫುಟ್‌ಬಾಲ್‌ನಲ್ಲಿ ದೇಶದ ದೊಡ್ಡ ಸ್ಟಾಪರ್ ಅವರು. ಆ ಕೂಟದಲ್ಲಿ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದಿದ್ದವು, ಆದರೂ ಕೋಚ್ ಸೈಯದ್ ಅಬ್ದುಲ್ ರಹೀಮ್ ಅವರು ಜರ್ನೈಲ್ ಅವರನ್ನು ಮುಂದಿನ ಸಾಲಿನ ಸೆಂಟರ್ ಫಾರ್ವರ್ಡ್ ಮಾಡಿ ಇಳಿಸಿದರು. ದಕ್ಷಿಣ ಕೊರಿಯಾ ವಿರುದ್ಧ ಫೈನಲ್‌ನಲ್ಲಿ ನಮಗೆ 2-1ರ ಗೆಲುವು, ಅದರಲ್ಲಿ ಒಂದು ಗೋಲು ಜರ್ನೈಲ್ ಅವರದು. ಅಷ್ಟು ಮುಂದೆ ಹೋದವರಿಗೆ ಬೆನ್ನ ಚಿಂತೆ ಕಾಡಿತ್ತೋ ಇಲ್ಲವೋ ಯಾರು ಬಲ್ಲರು, ಆದರೆ ಹಿಂದೆ ಡಿಫೆಂಡರ್ ಅರುಣ್ ಘೋಷ್ ಅವರಂಥವರು ನಿಂತಿದ್ದರು. 2023ರಲ್ಲಿ ಇಸ್ತಾಂಬುಲ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿ ಇಂಟರ್ ಮಿಲಾನ್ ತಂಡವನ್ನು 1-0ರಿಂದ ಸೋಲಿಸಿದ ಚಾಂಪಿಯನ್ಸ್ ಲೀಗ್ ಫೈನಲ್ ಅನ್ನು ನೀನು ನೋಡಿರುತ್ತೀಯೆ. ಡಿಫೆಂಡರ್ ಜಾನ್ ಸ್ಟೋನ್ಸ್ ನಡುವಿಗೆ ಬಂದು ಆಡಿದರು, ಹಿಂದೆ ಅಕಾಂಜಿ, ಡಿಯಾಸ್, ಅಕೆ ಮೂವರಿದ್ದರು. ಯಾವ ಕೋಚ್ ಕೂಡ ಮನೆ ಬಾಗಿಲು ತೆರೆದಿಟ್ಟು ಕಾವಲುಗಾರನನ್ನು ತೋಟಕ್ಕೆ ಕಳಿಸುವುದಿಲ್ಲ. ನಿನ್ನ ಕೋಚ್ ಕೂಡ ಏನೋ ಏರ್ಪಾಡು ಮಾಡಿಯೇ ಇರುತ್ತಾರೆ, ನೀನು ಅದನ್ನು ಅವರ ಬಾಯಿಂದ ಕೇಳಿದ್ದೀಯೋ ಇಲ್ಲವೋ ತಿಳಿಯದು.

ನೀನು ಒಬ್ಬನೇ ಹೀಗೆ ಹೆದರಿದವನಲ್ಲ. 1925ರಲ್ಲಿ ಆಫ್‌ಸೈಡ್ ನಿಯಮ ಬದಲಾಗಿ, ಚೆಂಡು ಪಡೆಯಲು ಮುಂದೆ ನಿಂತವನಿಗೂ ಗೋಲು ಗೆರೆಗೂ ನಡುವೆ ಮೂವರು ಎದುರಾಳಿಗಳ ಬದಲು ಇಬ್ಬರಿದ್ದರೆ ಸಾಕು ಎಂದಾದಾಗ, ಇಂಗ್ಲೆಂಡಿನಲ್ಲಿ ಗೋಲುಗಳ ಮಳೆಯೇ ಸುರಿಯಿತು. ಆಗ ಅರ್ಸೆನಲ್‌ನ ಹರ್ಬರ್ಟ್ ಚಾಪ್‌ಮನ್ ಮುಂತಾದವರು ನಡು ಮೈದಾನದ ಸೆಂಟರ್ ಹಾಫ್‌ನನ್ನು ಹಿಂದಕ್ಕೆ ಎಳೆದು ಇಬ್ಬರು ಬ್ಯಾಕ್‌ಗಳ ನಡುವೆ ನಿಲ್ಲಿಸಿದರು. ಇಡೀ ತಂಡಗಳೇ ಬೆನ್ನಿಗೆ ಹೆದರಿ ಮನುಷ್ಯನನ್ನು ಹಿಂದಕ್ಕೆ ಕರೆದ ದಾರಿಯಲ್ಲಿ ನೀನು ಎದುರು ಮುಖವಾಗಿ ನಡೆಯುತ್ತಿದ್ದೀಯೆ.

ಸಲಹೆ ಹೇಳಲು ನನಗೆ ಸಂಕೋಚ, ನನ್ನ ಆಟ ಬೇರೆ, ಕಾಲ ಬೇರೆ. ಆದರೂ ಚೆಂಡು ಬರುವ ಮೊದಲೇ ಎರಡೂ ಭುಜದ ಮೇಲಿಂದ ಹಿಂದೆ ನೋಡಿಬಿಡು, ಬಂದ ಮೇಲೆ ನೋಡುವವನಿಗೆ ಸಮಯ ಸಿಗುವುದಿಲ್ಲ. ಚೆಂಡು ತೆಗೆದುಕೊಳ್ಳುವಾಗ ನೇರ ನಿಲ್ಲದೆ ಮೈಯನ್ನು ಅರ್ಧ ತಿರುಗಿಸಿ ನಿಂತರೆ ಎರಡು ಕಡೆಯೂ ಸ್ವಲ್ಪ ಕಾಣುತ್ತದೆ ಎನ್ನುತ್ತಾರೆ. ಇವೆಲ್ಲ ನಿನ್ನ ಕೋಚ್ ಹೇಳಿರುವ ಮಾತೇ ಇರಬಹುದು, ಕ್ಷಮಿಸು. ಚೆಂಡು ದಾಟಿದೊಡನೆ ಹಿಂದಕ್ಕೆ ಓಡಬೇಕೆಂಬ ಆಸೆ ಬರುತ್ತದೆ. ಎಲ್ಲ ಸಲವೂ ಅದನ್ನು ತಡೆ ಎಂದು ನಾನು ಹೇಳಲಾರೆ, ಏಕೆಂದರೆ ಹಿಂದಿನ ಅಪಾಯವನ್ನು ಮೊದಲೇ ಮೂಸುವ ಆ ಗುಣಕ್ಕಾಗಿಯೇ ನಿನ್ನನ್ನು ನಡುವಿಗೆ ತಂದಿರಬೇಕು. ಅದು ಪೂರ್ತಿ ಹೋಗಿಬಿಟ್ಟರೆ ನಡುವಿನಲ್ಲಿ ನಿನ್ನಿಂದ ಏನು ಪ್ರಯೋಜನ ಎಂಬ ಅನುಮಾನ ನನಗಿದೆ. ಭಯ ಪತ್ರದ ಕೊನೆಯ ಸಾಲಿನಲ್ಲಿ ಮಾತ್ರ ಇದ್ದರೆ ಇರಲಿ. ನಿದ್ದೆಗೂ ಬಂದಿದ್ದರೆ ಮುಚ್ಚಿಡದೆ ಬರೆ.

ಮುಂದಿನ ಪತ್ರದಲ್ಲಿ ಗೋಲುಗಳ ಲೆಕ್ಕ ಬೇಡ, ಅದು ನಿನ್ನ ಅಮ್ಮನಿಂದ ಹೇಗೂ ತಿಳಿಯುತ್ತದೆ. ನಿನ್ನ ಹಳೆಯ ಜಾಗದಲ್ಲಿ ಈಗ ಯಾರು ನಿಲ್ಲುತ್ತಾನೆ, ಆಟದ ನಡುವೆ ಅವನು ನಿನ್ನನ್ನು ಕೂಗುತ್ತಾನೋ ಇಲ್ಲವೋ ಎಂದು ಬರೆ. ಕೂಗದಿದ್ದರೆ ನಾಚದೆ ನೀನೇ ಹೋಗಿ ಕೇಳಿಕೋ.

ಇತಿ,
ನಿನ್ನ ಮಾವ