ಅಪ್ರಸ್ತುತ ಪ್ರಸಂಗಕ್ಕೆ ಕೂರುವ ಗೆಳೆಯನಿಗೆ

ಗೆಳೆಯಾ,

ಬಸವನಗುಡಿಯ ಅಷ್ಟಾವಧಾನದಲ್ಲಿ ನಿನಗೆ ಅಪ್ರಸ್ತುತ ಪ್ರಸಂಗ, ಅಂದರೆ ನಡುನಡುವೆ ಸಂಬಂಧವಿಲ್ಲದ ಪ್ರಶ್ನೆ ಎಸೆಯುವ ಪಾತ್ರ, ಬಂದಿದೆಯಂತೆ. ಎಂಟು ಪೃಚ್ಛಕರು (ಪ್ರಶ್ನೆ ಕೇಳುವವರು) ಒಡ್ಡುವ ಸವಾಲುಗಳನ್ನು ಅವಧಾನಿಯೊಬ್ಬರೇ ಒಟ್ಟಿಗೆ ನಿಭಾಯಿಸುತ್ತಾ ಸಭೆಯಲ್ಲೇ ಪದ್ಯ ಕಟ್ಟುವುದು ಅಷ್ಟಾವಧಾನ. ಎಂಟು ಪೃಚ್ಛಕರಲ್ಲಿ ಛಂದಸ್ಸು ಬಾರದವನಿಗೂ ಸಿಗಬಹುದಾದ ಕುರ್ಚಿ ಅದು. ಹಾಗೆಂದು ಹಗುರ ಅಂದುಕೊಳ್ಳಬೇಡ. ಅವಧಾನಿಯ ಗಮನ ಕದಡುವುದೇ ನಿನ್ನ ಕೆಲಸ, ಆದರೆ ಅದಕ್ಕೊಂದು ಹೊತ್ತುಗೊತ್ತು ಇದೆ.

ಪದ್ಯಗಳು ಒಂದೇ ಸಲಕ್ಕೆ ಮುಗಿಯುವುದಿಲ್ಲ. ಸುತ್ತಿಗೊಂದು ಪಾದದಂತೆ ನಾಲ್ಕು ಸುತ್ತು, ಕೊನೆಗೆ ಎಲ್ಲವನ್ನೂ ನೆನಪಿನಿಂದ ಒಪ್ಪಿಸುವ ಧಾರಣೆ. ಅವಧಾನಿಯ ಕೈಯಲ್ಲಿ ಕಾಗದ, ಪೆನ್ನು ಇರುವುದಿಲ್ಲ. ಬಿಗಿಯಾದದ್ದು ನಿಷೇಧಾಕ್ಷರಿ. ಅವಧಾನಿ ಒಂದಕ್ಷರ ಹೇಳುತ್ತಲೇ ಮುಂದೆ ಯಾವುದು ಬರಬಾರದೆಂದು ಪೃಚ್ಛಕ ತಡೆಯುತ್ತಾನೆ. 'ರಾ' ಅಂದರೆ 'ಮ' ಬೇಡ ಅಂದಂತೆ. ಛಂದಸ್ಸು, ಅರ್ಥ, ನಿಷೇಧ ಮೂರೂ ತಲೆಯಲ್ಲಿ ಒಟ್ಟಿಗೆ ಓಡುತ್ತಿರುತ್ತವೆ. ನೀನು ನುಗ್ಗಬೇಕಾದದ್ದು ಇಲ್ಲೇ. ಆದರೆ ನಿಷೇಧ ಹೇಳುವಾಗಲೇ ಬಾಯಿ ಹಾಕಿದರೆ ಅದು ಯಾರಿಗೂ ಕೇಳಿಸದು, ಅವಧಾನಿ ತಪ್ಪಿಸಿಕೊಂಡ ಸೊಗಸೂ ಸಭೆಗೆ ಕಾಣದು. ಅವರು ಯೋಚನೆಗೆ ಇಳಿದ ಮೇಲೆ ಮೈಕ್ ಎತ್ತು. ಧಾರಣೆಯ ಹೊತ್ತಿಗೆ ತೆಪ್ಪಗಿರು.

ಪ್ರತಿ ಸಾಲಿಗೂ ತಾನು ಹೇಳಿದ ಮೊತ್ತವೇ ಬರುವಂತೆ ಅಂಕಿಗಳ ಚೌಕ ತುಂಬಿಸಲು ಕೇಳುವ ಸಂಖ್ಯಾಬಂಧದವನೂ ನಡುನಡುವೆ ಅಡ್ಡ ಬರುತ್ತಾನೆ: 'ಮೂರನೇ ಸಾಲು, ನಾಲ್ಕನೇ ಮನೆ?' 1ರಿಂದ 25ರವರೆಗಿನ ಅಂಕಿಗಳ ಐದು ಸಾಲಿನ ಚೌಕದಲ್ಲಿ ಪ್ರತಿ ಸಾಲಿನ ಮೊತ್ತ 65. ಅವನು 115 ಕೇಳಿದ್ದರೆ ಪ್ರತಿ ಮನೆಗೂ 10 ಕೂಡಿಸಿಯೇ ಅವಧಾನಿ ಉತ್ತರ ಕೊಡಬೇಕು. ಇಬ್ಬರೂ ಒಟ್ಟಿಗೆ ಕೂಗಿದರೆ ಬರೀ ಗದ್ದಲ. ಅವನ ಮೇಲೊಂದು ಕಣ್ಣಿಡು.

ಹತ್ತು ಹದಿನೈದು ಪ್ರಶ್ನೆ ಬರೆದಿಟ್ಟುಕೋ, ಒಂದೂ ಎರಡು ವಾಕ್ಯ ಮೀರದಿರಲಿ. 'ಕೆಂಪೇಗೌಡರು ಬೆಂಗಳೂರು ಕಟ್ಟಿದ್ದು ಯಾವಾಗ?' ಎಂದು ಕೇಳಿದರೆ '1537' ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. 'ಪರಿಷೆಯ ಕಡಲೆಕಾಯಿ ತಿಂದು ದೊಡ್ಡ ಬಸವನಿಗೆ ಬಾಯಾರಿದರೆ ಕಾವೇರಿ ನೀರೋ, ಟ್ಯಾಂಕರ್ ನೀರೋ?' ಎಂದು ಕೇಳು. ಶ್ಲೇಷೆಗೆ, ತಮಾಷೆಗೆ ಜಾಗವಿದೆ. ಜಾತಿ, ರೂಪ, ಮನೆಯವರ ಸುದ್ದಿ ಬೇಡವೇ ಬೇಡ. ಬರೆದದ್ದಕ್ಕಿಂತ ಅಲ್ಲೇ ಹುಟ್ಟಿದ್ದು ಚೆಂದ: ದತ್ತಪದಿಗೆ, ಅಂದರೆ ಪದ್ಯದಲ್ಲಿ ತರಲೇಬೇಕೆಂದು ಪೃಚ್ಛಕ ಕೊಟ್ಟ ಪದವನ್ನೇ ಹಿಡಿದು ಎಳೆದರೆ ಅವಧಾನಿ ನಿಜಕ್ಕೂ ತಡವರಿಸಬೇಕಾಗುತ್ತದೆ.

ಶತಾವಧಾನಿ ಆರ್. ಗಣೇಶರ ಅವಧಾನಗಳ ವಿಡಿಯೋ ಯೂಟ್ಯೂಬಿನಲ್ಲಿವೆ. ನೋಡುವಾಗ ಪದ್ಯ ಬಿಡು, ಅಪ್ರಸ್ತುತದವರು ಯಾವಾಗ ಬಾಯಿ ತೆರೆಯುತ್ತಾರೆಂದು ಗುರುತು ಮಾಡಿಕೋ.

ಉತ್ತರ ಬಂದು ಸಭೆ ನಕ್ಕ ಮೇಲೆ ಮರುಪ್ರಶ್ನೆ ಒಂದಕ್ಕೆ ನಿಲ್ಲಿಸು. ಪಾದ ಎಲ್ಲಿಗೆ ನಿಂತಿತ್ತೆಂದು ಪಾಪ ಅಂತ ನೆನಪಿಸಲು ಹೋಗಬೇಡ. ಅದನ್ನು ಅವರೇ ಹೆಕ್ಕಿಕೊಳ್ಳಬೇಕು.

ನಿನ್ನ ಗೆಳೆಯ