ಹೊಸ ದನಿಗಳಿಗೆ ಪುರವಣಿಯಲ್ಲಿ ಒಂದು ಅಂಕಣ ಕೊಡಿ

ಮಾನ್ಯ ಸಂಪಾದಕರೇ,

ಕಳೆದ ನಾಲ್ಕು ಭಾನುವಾರಗಳ ನಿಮ್ಮ ಪುರವಣಿಗಳನ್ನು ಮುಂದಿಟ್ಟುಕೊಂಡು, ಸಂಗೀತಕ್ಕೆ ಸಂಬಂಧಿಸಿದ ಬರಹಗಳೆಷ್ಟಿವೆ ಎಂದು ಎಣಿಸಿದೆ. ಹನ್ನೊಂದು ಸಿಕ್ಕವು. ಏಳು ಬರಹಗಳು ಸಿನಿಮಾ ಹಾಡುಗಳ ಬಿಡುಗಡೆಯನ್ನು ಕುರಿತವು, ಮೂರು ಶಾಸ್ತ್ರೀಯ ಕಛೇರಿಗಳ ವರದಿಗಳು, ಉಳಿದೊಂದು ಅಗಲಿದ ಗಾಯಕರೊಬ್ಬರ ನೆನಪು. ಇವು ಯಾವುವೂ ಬೇಡವೆಂದು ನಾನು ಹೇಳುತ್ತಿಲ್ಲ; ಹನ್ನೊಂದನ್ನೂ ಓದಿದ್ದೇನೆ. ಆದರೆ ಸಿನಿಮಾದ ಆಸರೆಯಾಗಲಿ ಸಭೆಗಳ ಆಶ್ರಯವಾಗಲಿ ಇಲ್ಲದೆ, ತಾವೇ ಹಾಡು ಕಟ್ಟಿ, ತಾವೇ ಧ್ವನಿಮುದ್ರಿಸಿ, ತಾವೇ ಬಿಡುಗಡೆ ಮಾಡುವ ಯುವಕ ಯುವತಿಯರ ಬಗ್ಗೆ ಆ ನಾಲ್ಕು ವಾರಗಳಲ್ಲಿ ಒಂದು ಸಾಲೂ ಇರಲಿಲ್ಲ. ಇಂಡೀ ಎಂದು ಕರೆಯಲಾಗುವ ಈ ಸ್ವತಂತ್ರ ಸಂಗೀತಕ್ಕೆ, ಅದರಲ್ಲೂ ವಿದ್ಯುತ್ತಿನಿಂದಲೇ ನಾದ ಹುಟ್ಟಿಸುವ ಸಿಂಥಸೈಸರ್ ವಾದ್ಯವನ್ನು ಆಧರಿಸಿದ ಸಿಂಥ್-ಪಾಪ್‌ಗೆ, ಪುರವಣಿಯಲ್ಲಿ ವಾರಕ್ಕೊಂದು ಸಣ್ಣ ಅಂಕಣ ಬೇಕೆಂದು ಕೇಳಿಕೊಳ್ಳಲು ಈ ಪತ್ರ.

ಅರವತ್ತು ದಾಟಿದವನಿಗೆ ಈ ಉಸಾಬರಿ ಏಕೆ ಎಂದು ನಿಮಗೆ ಅನ್ನಿಸಬಹುದು. ಹುಬ್ಬಳ್ಳಿ ಸುತ್ತಮುತ್ತಲಿನ ಊರುಗಳಲ್ಲಿ ಇಪ್ಪತ್ತೆರಡು ವರ್ಷ ಗಣೇಶೋತ್ಸವ, ರಾಜ್ಯೋತ್ಸವ, ಜಾತ್ರೆಗಳ ರಸಮಂಜರಿ ಕಾರ್ಯಕ್ರಮಗಳಲ್ಲಿ ಕೀಬೋರ್ಡ್ ನುಡಿಸಿದವನು ನಾನು. ಕ್ಯಾಸಿಯೊದಿಂದ ಆರಂಭಿಸಿ ಯಮಾಹಾದವರೆಗೆ ಬಂದ ನನ್ನ ಕೈಗಳು ಶಹನಾಯಿ, ಕೊಳಲು, ಪಿಟೀಲು, ಹೀಗೆ ವೇದಿಕೆಯ ಮೇಲೆ ಇಲ್ಲದ ಎಲ್ಲ ವಾದ್ಯಗಳ ಕೆಲಸವನ್ನೂ ಮಾಡಿವೆ. ಬೇರೆ ವಾದ್ಯಗಳನ್ನು ಅನುಕರಿಸುವ ಅಗ್ಗದ ಸಾಧನವೆಂದೇ ನಾವು ಆ ಯಂತ್ರವನ್ನು ಬಳಸಿದೆವು. ಅದಕ್ಕೂ ಸ್ವಂತ ದನಿಯೊಂದಿದೆ ಎಂಬುದು ನನಗೆ ಅರಿವಾದದ್ದು ತೀರಾ ತಡವಾಗಿ, ಅದೂ ನಮ್ಮ ಬೀದಿಯ ಹುಡುಗಿಯೊಬ್ಬಳಿಂದ.

ಎರಡು ವರ್ಷಗಳ ಹಿಂದೆ, ಮೇ ತಿಂಗಳ ಒಂದು ಮಧ್ಯಾಹ್ನ, ತನ್ನ ಪುಟ್ಟ ಕೀಬೋರ್ಡಿನ ಒಂದು ಕೀ ಮೇಲೇಳುತ್ತಿಲ್ಲವೆಂದು ಅವಳು ನನ್ನನ್ನು ಮನೆಗೆ ಕರೆದಿದ್ದಳು. ಎರಡೇ ಸಪ್ತಕದ, ತನ್ನದೇ ಆದ ನಾದವಿಲ್ಲದ, ಕಂಪ್ಯೂಟರಿಗೆ ಜೋಡಿಸಿದರೆ ಮಾತ್ರ ಮಾತಾಡುವ ಕೀಬೋರ್ಡ್ ಅದು. ಪ್ರತಿಧ್ವನಿ ಹೀರಿಕೊಳ್ಳಲೆಂದು ಅಲ್ಮೇರಾದ ಎರಡೂ ಬಾಗಿಲು ತೆರೆದು ಅವುಗಳ ಮೇಲೆ ಅಜ್ಜಿ ಹೊಲಿದ ಕೌದಿ ಇಳಿಬಿಟ್ಟು, ನಡುವೆ ಮೈಕ್ ನಿಲ್ಲಿಸಿದ್ದಳು. ಹಾಡುವಾಗ ಫ್ಯಾನಿನ ಸದ್ದು ಸೇರಬಾರದೆಂದು ಅದನ್ನು ಆರಿಸಿ, ಬೆವರು ಒರೆಸಿಕೊಳ್ಳುತ್ತ ಒಂದೇ ಸಾಲನ್ನು ಹದಿನಾಲ್ಕು ಸಲ ಹಾಡಿದಳು. ಕೇಳಿಸಿದ ಹಾಡು ಅಪ್ಪಟ ಹುಬ್ಬಳ್ಳಿ ಮಾತಿನಲ್ಲಿತ್ತು. ಅದರ ಕೆಳಗೆ ಎಂಬತ್ತರ ದಶಕದ ಆರಂಭದ ಅನಲಾಗ್ ಸಿಂಥಸೈಸರುಗಳ ಆ ದಪ್ಪ, ಸ್ವಲ್ಪ ನಡುಗುವ ನಾದ ಹರಿಯುತ್ತಿತ್ತು. ಪಲ್ಲವಿ ಮುಗಿದು ಚರಣ ಬರುವಾಗ ಅವಳು ನಾದವನ್ನು ಮಂಕಾಗಿಸುವ, ಹೊಳಪಾಗಿಸುವ ಫಿಲ್ಟರ್ ಎಂಬ ಗುಂಡಿಯನ್ನು ತಿರುಗಿಸಿ ನಿಧಾನವಾಗಿ ತೆರೆದಳು. ಮುಚ್ಚಿದ ಕೋಣೆಯೊಳಗಿನ ಹಾರ್ಮೋನಿಯಂ ಸದ್ದು ಬಾಗಿಲು ತೆರೆದಂತೆ ಹೊರಗೆ ಬರುತ್ತದೆಯಲ್ಲ, ಹಾಗೆ ಸ್ವರ ಹಿಗ್ಗಿತು. ಇಪ್ಪತ್ತೆರಡು ವರ್ಷಗಳಲ್ಲಿ ನಾನು ಒಮ್ಮೆಯೂ ಆ ಗುಂಡಿಯನ್ನು ಹಾಡಿನ ನಡುವೆ ತಿರುಗಿಸಿರಲಿಲ್ಲ.

ಆ ಹಾಡನ್ನು ಈವರೆಗೆ ಕೇಳಿದವರ ಸಂಖ್ಯೆ ನಾನೂರು ಚಿಲ್ಲರೆ. ಹನ್ನೆರಡು ತಿಂಗಳಲ್ಲಿ ಸಾವಿರ ಸಲ ಕೇಳಿಸಿಕೊಳ್ಳದ ಹಾಡಿಗೆ, ಹಾಡು ಕೇಳಿಸುವ ಆ್ಯಪ್ ಸ್ಪಾಟಿಫೈ 2024ರಿಂದ ರಾಯಧನವನ್ನೇ ಲೆಕ್ಕ ಹಾಕುವುದಿಲ್ಲವಾದ್ದರಿಂದ, ಅವಳ ಪಾಲಿಗೆ ಬರುವ ಮೊತ್ತ ಸೊನ್ನೆ. ದುಡ್ಡಿನ ಮಾತು ಒತ್ತಟ್ಟಿಗಿರಲಿ, ಈ ಹಾಡನ್ನು ಇಷ್ಟಪಡಬಹುದಾದ ಜನರಿಗೆ ಅದು ಇದೆ ಎಂಬುದಾದರೂ ತಿಳಿಯುವ ದಾರಿ ಯಾವುದು ಎಂಬ ಪ್ರಶ್ನೆಯೇ ನನ್ನನ್ನು ಕಾಡುತ್ತಿರುವುದು.

ಆ್ಯಪ್‌ಗಳೇ ಹೊಸ ಹಾಡುಗಳನ್ನು ಸೂಚಿಸುತ್ತವೆಯಲ್ಲ ಎಂದು ನನ್ನ ಮಗ ವಾದಿಸುತ್ತಾನೆ. ಸ್ಪಾಟಿಫೈ ಭಾರತಕ್ಕೆ ಬಂದದ್ದು 2019ರ ಫೆಬ್ರವರಿಯಲ್ಲಿ. ಅಂದಿನಿಂದ ಅವನೂ ನಾನೂ ಅದನ್ನು ಬಳಸುತ್ತಿದ್ದೇವೆ. ಅದು ಸೂಚಿಸುವ ರೀತಿ ಮುಖ್ಯವಾಗಿ ಹೀಗೆ: ಒಂದು ಹಾಡು ಕೇಳಿದವರು ಜೊತೆಗೆ ಇನ್ಯಾವುದನ್ನು ಕೇಳಿದ್ದಾರೆ ಎಂದು ನೋಡಿ, ಅದನ್ನು ನಮ್ಮ ಮುಂದಿಡುತ್ತದೆ. ಕೇಳುಗರೇ ಇಲ್ಲದ ಹಾಡಿಗೆ ಈ ಕೊಂಡಿ ಎಲ್ಲಿಂದ ಸಿಗಬೇಕು? ಉಳ್ಳವರಿಗೇ ಬಡಿಸುವ ಪಂಕ್ತಿ ಇದು. ಇದರ ಮೇಲೆ ಕನ್ನಡದ ಹಾಡುಗಳಿಗೆ ಲಿಪಿಯ ತೊಡಕು ಬೇರೆ. ಹೆಚ್ಚಿನವರು ಶೀರ್ಷಿಕೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೊಡುತ್ತಾರೆ; ‘ಮಳೆ’ ಎಂಬ ಹಾಡನ್ನು ಹಾಗೆ ಹುಡುಕಿದರೆ ಆ ಅಕ್ಷರಗಳು ಇಂಗ್ಲಿಷಿನಲ್ಲಿ ಗಂಡಸು ಎಂದಾಗಿ, ಮಾಲ್ಡೀವ್ಸ್‌ನ ರಾಜಧಾನಿಯೂ ಆಗಿ, ಮಳೆಯೊಂದನ್ನು ಬಿಟ್ಟು ಮಿಕ್ಕೆಲ್ಲವೂ ಬರುತ್ತದೆ.

ಸರಿಯಾದ ಹೊತ್ತಿಗೆ ಯಾರೂ ಶಿಫಾರಸು ಮಾಡದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ದೇಶದಲ್ಲೇ ದೊಡ್ಡ ಉದಾಹರಣೆಯಿದೆ. ಮುಂಬೈನ ಚರಣ್‌ಜಿತ್ ಸಿಂಗ್ ಹಿಂದಿ ಸಿನಿಮಾ ಸಂಗೀತದ ವಾದ್ಯಗೋಷ್ಠಿಯಲ್ಲಿ ದುಡಿದವರು, ಮದುವೆಗಳಲ್ಲೂ ನುಡಿಸಿದವರು, ಅಂದರೆ ಒಂದು ರೀತಿಯಲ್ಲಿ ನನ್ನ ಜಾತಿಯವರು. 1982ರಲ್ಲಿ ಅವರು ರೋಲ್ಯಾಂಡ್ ಕಂಪನಿಯ ಜ್ಯೂಪಿಟರ್-8 ಸಿಂಥಸೈಸರ್, ಮಂದ್ರ ಸ್ವರಗಳ ಟಿಬಿ-303 ಬೇಸ್ ಯಂತ್ರ ಮತ್ತು ಟಿಆರ್-808 ತಾಳಯಂತ್ರ, ಈ ಮೂರನ್ನೇ ಇಟ್ಟುಕೊಂಡು ಭೈರವ್, ಲಲಿತ್, ಯಮನ್, ಕಲಾವತಿ ಮೊದಲಾದ ಹತ್ತು ರಾಗಗಳನ್ನು ಡಿಸ್ಕೊ ಲಯಕ್ಕೆ ಕೂರಿಸಿ ಒಂದು ಧ್ವನಿಮುದ್ರಿಕೆ ತಂದರು. ಕೊಂಡವರು ವಿರಳ, ಎಲ್ಲರೂ ಮರೆತರು. ಐದು ವರ್ಷಗಳ ಅನಂತರ, 1987ರಲ್ಲಿ, ಷಿಕಾಗೊದಲ್ಲಿ ಅದೇ ಟಿಬಿ-303 ಯಂತ್ರದಿಂದ ಆ್ಯಸಿಡ್ ಹೌಸ್ ಎಂಬ ನೃತ್ಯಸಂಗೀತದ ಪ್ರಕಾರ ಹೊರಬಂದು ಯುರೋಪನ್ನೆಲ್ಲ ಕುಣಿಸಿದಾಗಲೂ, ಅದರ ನಾದವನ್ನು ಹೋಲುವ ಸಂಗೀತ ಆಗಲೇ ಮುಂಬೈಯಲ್ಲಿ ಆಗಿಹೋಗಿತ್ತೆಂದು ಯಾರಿಗೂ ನೆನಪಾಗಲಿಲ್ಲ. ನೆದರ್ಲೆಂಡ್ಸ್‌ನ ರೆಕಾರ್ಡ್ ಸಂಗ್ರಾಹಕರೊಬ್ಬರಿಗೆ 2002ರಲ್ಲಿ ದೆಹಲಿಯ ಅಂಗಡಿಯೊಂದರಲ್ಲಿ ಅದರ ಪ್ರತಿ ಸಿಕ್ಕಿತು. 2010ರಲ್ಲಿ ಅವರು ಮರುಬಿಡುಗಡೆ ಮಾಡಿದ ಮೇಲೆ ಜಗತ್ತು ಬೆರಗಾಯಿತು. ಆಗ ಸಿಂಗ್ ಎಪ್ಪತ್ತರ ಆಸುಪಾಸಿನಲ್ಲಿದ್ದರು; ಕೆಲವು ವರ್ಷ ವಿದೇಶಗಳಲ್ಲಿ ನುಡಿಸಿ, 2015ರಲ್ಲಿ ತೀರಿಕೊಂಡರು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲೇ ಮೂಗ್ ಎಂಬ ಕಂಪನಿಯ ಸಿಂಥಸೈಸರ್ ಸ್ಥಾಪಿಸಿ ಗೀತಾ ಸಾರಾಭಾಯಿ ಮೊದಲಾದವರು ಮಾಡಿದ ಪ್ರಯೋಗಗಳ ಕಥೆಯೂ ಹೀಗೆಯೇ: ಆ ಟೇಪುಗಳು ಸಾರ್ವಜನಿಕರ ಕಿವಿಗೆ ಬಿದ್ದದ್ದು 2023ರಲ್ಲಿ.

ಇದಕ್ಕೆ ತದ್ವಿರುದ್ಧವಾದ ನಿದರ್ಶನ ಬ್ರಿಟನ್ನಿನ ರೇಡಿಯೊದ್ದು. ಬಿಬಿಸಿಯ ಜಾನ್ ಪೀಲ್ 1967ರಿಂದ 2004ರಲ್ಲಿ ಸಾಯುವವರೆಗೂ, ಯಾರೂ ಹೆಸರು ಕೇಳದ ತಂಡಗಳ ಹಾಡುಗಳನ್ನು ತಾವೇ ಆರಿಸಿ ರಾತ್ರಿಯ ಹೊತ್ತು ಕೇಳಿಸುತ್ತಿದ್ದರು. ಶೆಫೀಲ್ಡ್‌ನ ಹ್ಯೂಮನ್ ಲೀಗ್ ಎಂಬ ಸಿಂಥಸೈಸರ್ ತಂಡವನ್ನು ಅವರ ಕಾರ್ಯಕ್ರಮಕ್ಕೆ ಧ್ವನಿಮುದ್ರಿಸಿಕೊಂಡದ್ದು 1978ರಲ್ಲಿ. ಸದಸ್ಯರು ಅದಲುಬದಲಾದರೂ ಅದೇ ಹೆಸರಿನ ತಂಡ 1981ರ ಕ್ರಿಸ್‌ಮಸ್ ವೇಳೆಗೆ ಅಲ್ಲಿನ ಮಾರಾಟದ ಪಟ್ಟಿಯ ಮೊದಲ ಸ್ಥಾನದಲ್ಲಿತ್ತು. ಪೀಲ್ ಒಬ್ಬರಿಂದಲೇ ಅದಾಯಿತೆಂದು ಹೇಳಲಾರೆ. ಆದರೆ ತನ್ನ ಅಭಿರುಚಿಗೆ ತಾನೇ ಜವಾಬ್ದಾರನಾದ ಒಬ್ಬ ಮನುಷ್ಯ, ಹೆಸರು ಹೇಳಿಕೊಂಡು, ಇದನ್ನು ಕೇಳಿ ಎಂದಾಗ ಕೇಳುಗರು ಕಿವಿಗೊಡುತ್ತಾರೆ. ಧಾರವಾಡ ಆಕಾಶವಾಣಿಯ ಉದ್ಘೋಷಕರ ದನಿಯನ್ನು ನಂಬಿ ಎಷ್ಟೋ ಹಾಡುಗಳಿಗೆ ಕಿವಿ ತೆರೆದ ನನ್ನ ತಲೆಮಾರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕನ್ನಡದ ಮಟ್ಟಿಗೆ ಹೇಳುವುದಾದರೆ, 2008ರಲ್ಲಿ ರಘು ದೀಕ್ಷಿತ್ ಅವರ ಮೊದಲ ಆಲ್ಬಮ್, 2009ರಲ್ಲಿ ಸ್ವರಾತ್ಮ ತಂಡದ ಮೊದಲ ಆಲ್ಬಮ್ ಬಂದ ಮೇಲೆ, ಸ್ವತಂತ್ರ ಸಂಗೀತವೆಂದರೆ ಜನಪದದ ಜೊತೆ ಗಿಟಾರ್ ಎಂಬ ಕಲ್ಪನೆ ಗಟ್ಟಿಯಾಯಿತು. ಶಿಶುನಾಳ ಶರೀಫರ ತತ್ವಪದಗಳನ್ನು ರಾಕ್ ವೇದಿಕೆಗೆ ತಂದದ್ದು ಸಣ್ಣ ಸಾಧನೆಯೇನಲ್ಲ. ಅನಂತರ ರ್‍ಯಾಪ್ ತನ್ನ ಜಾಗ ಮಾಡಿಕೊಂಡಿತು. ಸಿಂಥಸೈಸರ್ ಮಾತ್ರ ಸಿನಿಮಾದ ಆಳಾಗಿಯೇ ಉಳಿಯಿತು. ಹಾಗೆಂದು ಕನ್ನಡದ ಕಿವಿಗೆ ಅದು ಅಪರಿಚಿತವಲ್ಲ. 1987ರ ‘ಪ್ರೇಮಲೋಕ’ದ ಕ್ಯಾಸೆಟ್ಟುಗಳು ತಿರುಗದ ಹೋಟೆಲು ನಮ್ಮ ಕಡೆ ಇರಲಿಲ್ಲ, ಹಂಸಲೇಖ ಅವರ ಆ ಎಲೆಕ್ಟ್ರಾನಿಕ್ ತಾಳಗಳನ್ನು ನಾವು ಎಷ್ಟು ರಾತ್ರಿ ಅನುಕರಿಸಿದ್ದೇವೆಂದು ಲೆಕ್ಕವಿಲ್ಲ.

ಬೇರೆಡೆ ಕೆಲಸ ನಡೆಯುತ್ತಿದೆ. ದೆಹಲಿಯ ತಾರನಾ ಮಾರ್ವಾ, ಎಲೆಗಳ ನಡುವೆ ಸೋಸಿ ಬರುವ ಬಿಸಿಲಿಗೆ ಜಪಾನಿನವರು ಹೇಳುವ ‘ಕೊಮೊರೆಬಿ’ ಎಂಬ ಪದವನ್ನೇ ತಮ್ಮ ಸಂಗೀತದ ಹೆಸರಾಗಿಸಿಕೊಂಡು, ಎಲೆಕ್ಟ್ರಾನಿಕ್ ನಾದಗಳ ಮೇಲೆ ತಮ್ಮದೇ ದನಿಯನ್ನು ಪದರ ಪದರವಾಗಿ ಹರಡುತ್ತಾರೆ. ಕೋಲ್ಕತ್ತದ ಪಾರೇಖ್ ಆ್ಯಂಡ್ ಸಿಂಗ್ ಎಂಬ ಇಬ್ಬರ ತಂಡದ ಹಾಡುಗಳನ್ನು ಮೊದಲು ಕೇಳಿದಾಗ ತೀರಾ ಸರಳ ಅನ್ನಿಸಿದವು. ಡ್ರಮ್ ಕಡೆಗೆ ಗಮನ ಕೊಟ್ಟು ಮತ್ತೆ ಕೇಳಿದ ಮೇಲೆ ನನ್ನ ಅಭಿಪ್ರಾಯ ಬದಲಾಯಿತು. ಮುಂಬೈನ ಸನಾಯಾ ಅರ್ದೇಶಿರ್ ಸ್ಯಾಂಡ್ಯೂನ್ಸ್ ಎಂಬ ಹೆಸರಿನಲ್ಲಿ ಮಾಡುವ ವಾದ್ಯಸಂಗೀತಕ್ಕೆ ಮಾತಿನ ಹಂಗೇ ಇಲ್ಲ. ಇವರೆಲ್ಲ ಈಗ ತಕ್ಕಮಟ್ಟಿಗೆ ಹೆಸರು ಮಾಡಿದವರು. ನಾನು ಕೇಳುತ್ತಿರುವ ಅಂಕಣ ಇವರಿಗಿಂತ ಒಂದು ಮೆಟ್ಟಿಲು ಕೆಳಗಿರುವವರಿಗಾಗಿ, ಮೈಸೂರು, ಮಂಗಳೂರು, ಕಲಬುರಗಿಗಳ ಮಲಗುವ ಕೋಣೆಗಳಲ್ಲಿ ಕೌದಿ ಕಟ್ಟಿಕೊಂಡು ಹಾಡುತ್ತಿರುವವರಿಗಾಗಿ.

ಅವರಿಗೆ ವೇದಿಕೆ ಸಿಗುವುದಿಲ್ಲವೇ ಎಂದರೆ, ಒಂದು ಪ್ರಸಂಗ ಹೇಳುತ್ತೇನೆ. ಹಳೆಯ ಪರಿಚಯದ ಬಲದಿಂದ, ರಾಜ್ಯೋತ್ಸವದ ಕಾರ್ಯಕ್ರಮವೊಂದರಲ್ಲಿ ಆ ಹುಡುಗಿಗೆ ಹತ್ತು ನಿಮಿಷ ಕೊಡಿರೆಂದು ಸಂಘಟಕರನ್ನು ಕೇಳಿದ್ದೆ. ಒಪ್ಪಿದರು. ಅವಳು ಲ್ಯಾಪ್‌ಟಾಪ್ ಬಿಚ್ಚುವಷ್ಟರಲ್ಲಿ ಒಬ್ಬರು ಬಂದು, ‘ಏನವ್ವಾ, ಟ್ರ್ಯಾಕ್ ಹಾಕಿ ಹಾಡೋದಾದ್ರ ಜನರಿಗೆ ಗೊತ್ತಿರೋ ಸಿನಿಮಾ ಹಾಡರ ಹಾಡಬಾರ್ದೇನು?’ ಎಂದರು. ಅದು ಅವಳೇ ಕಟ್ಟಿದ ನಾದವೆಂದು ವಿವರಿಸಲು ಹೋಗಿ ನಾನು ಸೋತೆ. ಅವಳು ಒಂದು ಹಳೆಯ ಸಿನಿಮಾ ಹಾಡು ಹಾಡಿ ಇಳಿದಳು. ಚಪ್ಪಾಳೆ ಚೆನ್ನಾಗಿಯೇ ಬಿತ್ತು. ಆ ಸಂಘಟಕರನ್ನು ನಾನು ದೂರುವುದಿಲ್ಲ. ಪತ್ರಿಕೆಯಲ್ಲಿ ನಾಲ್ಕು ಸಾಲು ಬಂದಿದ್ದರೆ ಅವರೇ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸುತ್ತಿದ್ದರು.

ಅಂಕಣ ಹೇಗಿರಬೇಕೆಂಬ ಬಗ್ಗೆಯೂ ಕೆಲವು ಮಾತು. ನೂರೈವತ್ತು ಪದ ಸಾಕು, ಒಂದು ವಾರಕ್ಕೆ ಒಬ್ಬರೇ ಸಾಕು. ‘ಮನಮೋಹಕ’, ‘ಇಂಪಾದ’ ಎಂಬ ವಿಶೇಷಣಗಳಿಂದ ಓದುಗನಿಗೆ ಏನೂ ಸಿಗುವುದಿಲ್ಲ. ಹಾಡಿನ ಯಾವ ಕಡೆ ಏನು ಆಗುತ್ತದೆ, ಎಲ್ಲಿ ಕಿವಿಗೊಡಬೇಕು, ಎಲ್ಲಿ ಹಾಡು ಸೋಲುತ್ತದೆ ಎಂದು ಬರೆಯಬೇಕು. ಸೋಲುವ ಕಡೆಯನ್ನೂ ಹೇಳದಿದ್ದರೆ ಅದು ಜಾಹೀರಾತಾಗುತ್ತದೆ. ನಕ್ಷತ್ರಗಳನ್ನು ಕೊಡುವುದು ಬೇಡ. ಬರೆಯುವವರು ಇಪ್ಪತ್ತೈದು ಮೂವತ್ತರ ಒಳಗಿನವರಾಗಿರಲಿ, ಆದರೆ ತಮ್ಮ ಗೆಳೆಯರ ಬಗ್ಗೆ ಬರೆಯಕೂಡದೆಂಬ ನಿಯಮವಿರಲಿ. ದುಡ್ಡು ಕೊಟ್ಟರೆ ಪ್ಲೇಲಿಸ್ಟಿಗೆ ಸೇರಿಸುತ್ತೇವೆ ಎನ್ನುವವರ ಕಾಟ ಈ ಮಕ್ಕಳಿಗೆ ಈಗಾಗಲೇ ಸಾಕಷ್ಟಿದೆ. ಹಾಡು ಎಲ್ಲಿ ಸಿಗುತ್ತದೆಂದು, ಹುಡುಕಲು ಬೇಕಾದ ಕಾಗುಣಿತದ ಸಮೇತ, ಕೊನೆಯಲ್ಲಿ ಮುದ್ರಿಸಿ. ಕ್ಯೂಆರ್ ಕೋಡ್ ಹಾಕಿದರೆ ನನ್ನ ವಯಸ್ಸಿನವರಿಗೂ ಅನುಕೂಲ. ಕಲಾವಿದರು ಬ್ಯಾಂಡ್‌ಕ್ಯಾಂಪ್‌ನಲ್ಲಿ ಇದ್ದರೆ ಅದನ್ನು ಮೊದಲು ಹೇಳಿ, ಏಕೆಂದರೆ ಅಲ್ಲಿ ಹಾಡು ಕೊಂಡರೆ ಆ ತಾಣ ತನ್ನ ಪಾಲೆಂದು ಸಾಮಾನ್ಯವಾಗಿ ಶೇ 15ರಷ್ಟನ್ನು ಹಿಡಿದುಕೊಂಡು, ಪಾವತಿ ಶುಲ್ಕ ಕಳೆದು ಉಳಿದದ್ದನ್ನು ಹಾಡಿದವರಿಗೇ ಕೊಡುತ್ತದೆ.

ಎರಡು ವರ್ಷಗಳಿಂದ ನಾನು ಕೇಳಿ ಬರೆದಿಟ್ಟುಕೊಂಡ ಮೂವತ್ತೊಂದು ಹೆಸರುಗಳ ಪಟ್ಟಿಯನ್ನು ಈ ಪತ್ರದ ಜೊತೆ ಲಗತ್ತಿಸಿದ್ದೇನೆ. ಅಂಕಣ ಆರಂಭಿಸುವುದಾದರೆ ಬಳಸಿಕೊಳ್ಳಬಹುದು. ನಮ್ಮ ಬೀದಿಯ ಹುಡುಗಿಯ ಹೆಸರು ಅದರಲ್ಲಿಲ್ಲ. ಮೇಲೆ ಹೇಳಿದ ನಿಯಮ ನನಗೂ ಅನ್ವಯಿಸುವುದರಿಂದ, ಅವಳ ಹಾಡನ್ನು ನಿಮ್ಮ ಅಂಕಣಕಾರರೇ ಹುಡುಕಿಕೊಳ್ಳಬೇಕು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಕೀಬೋರ್ಡ್ ವಾದಕ, ಹುಬ್ಬಳ್ಳಿ