ನಿನ್ನ ಸಹಿಯ ಹೆದರಿಕೆ

ಪ್ರೀತಿಯ ಮಗಳೇ,

ನನ್ನ ಹಾಗೇ ಕಂದಾಯ ಇಲಾಖೆಯಲ್ಲಿ ನೌಕರಿ ಸಿಕ್ಕ ಸುದ್ದಿ, ಬಾಡಿಗೆ ಮನೆ, ಅದೆಲ್ಲ ನಿನ್ನ ಅವ್ವ ಹೇಳಿದ್ದಾಳೆ. ಕಾಗದದ ಕೊನೆಗೆ ಒಂದು ಸಾಲು ಬರೆದಿದ್ದೀಯಲ್ಲ, ‘ಕಾಕಾ, ನಾ ಹಾಕಿದ ಸಹಿಯಿಂದ ಯಾರದೋ ಹೊಲ ಹೋದರೆ?’ ಅಂತ, ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನಗೆ ಆ ಹೆದರಿಕೆ ಹುಟ್ಟಿದ್ದು ನೌಕರಿಗೆ ಸೇರಿ ಹತ್ತು ವರ್ಷ ಆದ ಮೇಲೆ.

ನಿನಗೆ ಹೊಳೆ ದಂಡೆಯ ಊರುಗಳು ಸಿಕ್ಕಿವೆ. ನಮ್ಮ ಕಾಲಕ್ಕೆ ಎಲ್ಲದಕ್ಕೂ ಗುಲ್ಬರ್ಗಾಕ್ಕೆ ಓಡಬೇಕಿತ್ತು, ಯಾದಗಿರಿ ಜಿಲ್ಲೆ ಆಗಿದ್ದೇ 2009ರ ಡಿಸೆಂಬರ್ 30ಕ್ಕೆ. ಆಗ ಯಾದಗಿರಿ, ಶಹಾಪುರ, ಸುರಪುರ ಅಂತ ಮೂರೇ ತಾಲೂಕು. ಈಗ ಹುಣಸಗಿ, ವಡಗೇರಾ, ಗುರುಮಠಕಲ್ ಸೇರಿ ಆರು. ಕಚೇರಿ ಹತ್ತಿರ ಬಂತು, ಕೃಷ್ಣೆ ಮಾತ್ರ ಹಾಗೇ ಇದ್ದಾಳೆ. ನಾರಾಯಣಪುರ ಡ್ಯಾಮಿನ ಗೇಟು ಎತ್ತಿದರೆ ಹೊಳೆ ನಡುವಿನ ನಡುಗಡ್ಡೆ ಊರು ನೀಲಕಂಠರಾಯನಗಡ್ಡಿಗೆ ದಾರಿನೇ ಇರುತ್ತಿರಲಿಲ್ಲ.

ಅಂಥದೇ ಒಂದು ಹೊಳೆ ಬಂದ ವರ್ಷ ಬೆಳೆ ಹಾನಿ ಪಟ್ಟಿಯನ್ನು ನಾನು ಹನುಮಪ್ಪನ ಗುಡಿ ಕಟ್ಟೆ ಮೇಲೆ ಕೂತು, ನಾಲ್ಕು ಮಂದಿ ಹೇಳಿದ್ದನ್ನು ಕೇಳಿ ಬರೆದೆ. ಕೆಸರಿಗೆ ಇಳಿಯಲಿಲ್ಲ. ವಾರದ ಮೇಲೆ ಒಬ್ಬ ಮುದುಕಿ ಬಂದು, ಸೆರಗಿನಲ್ಲಿ ಸುತ್ತಿಕೊಂಡಿದ್ದ ಕೊಳೆತ ತೊಗರಿ ಗಿಡ ತೆಗೆದು ನನ್ನ ಟೇಬಲ್ ಮೇಲೆ ಇಟ್ಟಳು. ಏನೂ ಬೈಯಲಿಲ್ಲ. ಪಹಣಿ ಇನ್ನೂ ಸತ್ತ ಮಾವನ ಹೆಸರಿನಲ್ಲೇ ಇತ್ತು, ಹಂಗಾಗಿ ಅವಳ ಎರಡು ಎಕರೆ ಯಾರ ಬಾಯಲ್ಲೂ ಬಂದಿರಲಿಲ್ಲ. ಪಟ್ಟಿ ಆಗಲೇ ಹೋಗಿಬಿಟ್ಟಿತ್ತು. ಆ ಗಿಡದ ಕೆಸರು ನನ್ನ ರಿಜಿಸ್ಟರಿನ ಅಂಚಿಗೆ ಹತ್ತಿತ್ತು, ನಾನು ಒರೆಸಲೇ ಇಲ್ಲ.

ನೋಡು, ಮತ್ತೆ ನನ್ನದೇ ಹೇಳುತ್ತಿದ್ದೇನೆ. ಸಹಿಯಿಂದ ಹೊಲ ಹೋಗುತ್ತಾ ಅಂದರೆ, ಹೋಗುತ್ತೆ, ಸುಳ್ಳು ಯಾಕೆ ಹೇಳಲಿ. ಬದುವಿಗೆ ಹೋಗಿ ನಿಂತು ಚಕ್ಕುಬಂದಿ, ಅಂದರೆ ಹೊಲದ ನಾಲ್ಕು ದಿಕ್ಕಿನ ಗಡಿ, ಕೇಳು, ಗಂಡಸರನ್ನಷ್ಟೇ ಅಲ್ಲ, ಅಲ್ಲೇ ಕಳೆ ತೆಗೆಯುವ ಹೆಂಗಸರನ್ನೂ ಕೇಳು. ವಾರಸಾ ಅರ್ಜಿ ಬಂದರೆ ಹೆಣ್ಣುಮಕ್ಕಳ ಹೆಸರು ಬಿಟ್ಟಿದ್ದಾರಾ ಅಂತ ನೋಡು. ಇದೆಲ್ಲ ಟ್ರೇನಿಂಗಿನಲ್ಲಿ ಹೇಳಿರಬಹುದು, ನಾನು ಹೇಳುವುದು ಜಾಸ್ತಿ ಆಯ್ತೇನೋ.

ಇನ್ನೊಂದು. 1948ರ ತನಕ ನಾವು ನಿಜಾಮರ ಕೈಕೆಳಗೆ ಇದ್ದವರು ಅಲ್ವಾ, ಹಳೆ ಕಾಗದ ಉರ್ದುವಿನಲ್ಲಿ ಬರುತ್ತವೆ. ಓದಿ ಹೇಳುವವರು ಊರಲ್ಲಿ ಒಬ್ಬಿಬ್ಬರು ಉಳಿದಿರುತ್ತಾರೆ, ಇಬ್ಬರ ಕೈಲಿ ಓದಿಸು. ಅಂಕಿಗಳನ್ನು ಮಾತ್ರ ನೀನೇ ಕಲಿ. ಒಂದು ಚೀಟಿಯಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ. ಏಳು ಮೇಲಕ್ಕೆ ಬಾಯಿ ತೆರೆದಿರುತ್ತೆ, ಎಂಟು ಕೆಳಕ್ಕೆ. ನಾನು ಒಮ್ಮೆ 78ನೇ ಸರ್ವೆ ನಂಬರನ್ನು 87 ಅಂತ ಓದಿದ್ದೆ, ಆ ತಪ್ಪು ಸಹಿಗೆ ಮುಂಚೆ ಸಿಕ್ಕಿತು.

ನಿನ್ನ ಕಾಕಾ